ಎರಿ ಮಣ್ಣಿನ ಹಿತ್ತಲದಾಗ ಮಡಿ ಕಟ್ಟೋದು

ಗದಗಿನ ನಿಮ್ಮ ಹಿತ್ತಲದಾಗ ಎರಿ ಮಣ್ಣು (ಕಪ್ಪು ಮಣ್ಣು), ಮಳಿಗಾಲಕ್ಕ ಮೆಣಸಿನಗಿಡ ಕೊಳೀತಾವು, 5 ಫೂಟ್ ಅಗಲದ ಎತ್ತರದ ಮಡಿ ಕಟ್ಟಲೇನು ಅಂತ ಕೇಳೀರಿ. ಬ್ಯಾಡ್ರಿ, 4 ಫೂಟ್ ಸಾಕು. ಎರಡೂ ಕಡಿಂದ ನಡುವಿನ ತನಕ ಕೈ ಮುಟ್ಟಬೇಕು. ಒಳಗ ಕಾಲಿಟ್ಟರ ಮಣ್ಣು ಗಟ್ಟಿ ಆಗಿಬಿಡ್ತದ. ಎತ್ತರ 1 ಫೂಟ್ ಇರಲಿ.

ಎರಿ ಮಣ್ಣು ಹಸಿ ಆದಾಗ ಉಬ್ಬತದ, ಒಣಗಿದಾಗ ಬಿರೀತದ, ಸಿಮೆಂಟ್ ಕಟ್ಟಿ ಸೀಳ್ತದ. ಅದಕ್ಕ ಮಡಿ ಸುತ್ತ ಇಟ್ಟಂಗಿ ಸಿಮೆಂಟ್ ಇಲ್ಲದ ಬರೇ ಜೋಡಸ್ರಿ, ಸಂದಿಯಿಂದ ನೀರೂ ಬಸೀತದ. ತಳಕ್ಕ ಪ್ಲಾಸ್ಟಿಕ್ ಹಾಸಲೇಬ್ಯಾಡ್ರಿ, ಗುದ್ದಲಿಲೆ ಒಂದು ಗೇಣು ಸಡಿಲ ಮಾಡ್ರಿ.

ತುಂಬಲಿಕ್ಕೆ ಎರಡು ಬುಟ್ಟಿ ಮಸಾರಿ (ಕೆಂಪು) ಮಣ್ಣಿಗೆ ಒಂದು ಬುಟ್ಟಿ ಪೂರಾ ಕಳಿತ ತಿಪ್ಪಿ ಗೊಬ್ಬರ. ಹಸಿ ಸಗಣಿ ಹಾಕಿದ್ರ ಗೊಣ್ಣೆಹುಳ ಬಂದು ಬೇರು ತಿಂತಾವು. ಹಸಿ ಮಾಡಿ ಮುಷ್ಟಿಯೊಳಗ ಹಿಚುಕಿ ನೋಡ್ರಿ: ಉಂಡಿ ಆಗಬೇಕು, ಬೆರಳು ಒತ್ತಿದ್ರ ಉದುರಬೇಕು. ಹಂಗಾತಂದ್ರ ಸಸಿ ಹಚ್ರಿ.