ಸ್ಕ್ರೂ ಇಲ್ಲದ ಪ್ಲೈವುಡ್ ಸಾಹಾರ್ಸ್ ಗಟ್ಟಿಯಾಗಿ ನಿಲ್ಲುತ್ತಾ?

ನೀವು ಕೇಳಿರುವುದು ಇಷ್ಟು. 8×4 ಅಡಿಯ ಪ್ಲೈವುಡ್ ಶೀಟನ್ನು ಮನೆಯಲ್ಲೇ, ಒಬ್ಬರೇ ಕೊಯ್ಯಬೇಕು. ಅದಕ್ಕೆ ಒಂದು ಜೊತೆ ಸಾಹಾರ್ಸ್, ಅಂದರೆ ಕೊಯ್ಯುವಾಗ ಶೀಟನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್ ಬೇಕು, ಕೆಲಸ ಮುಗಿದ ಮೇಲೆ ಬಿಚ್ಚಿ ಬೀರುವಿನ ಹಿಂದೆ ನಿಲ್ಲಿಸುವಂತಿರಬೇಕು. ಸ್ಕ್ರೂ, ಮೊಳೆ ಏನೂ ಇಲ್ಲದೆ, ಬರೀ ಪ್ಲೈವುಡ್ಡಿಗೆ ಪ್ಲೈವುಡ್ ಸಿಕ್ಕಿಸಿ ಮಾಡಿದರೆ ಅದು ಗಟ್ಟಿಯಾಗಿ ನಿಲ್ಲುತ್ತಾ?

ನಿಲ್ಲುತ್ತದೆ. ಆದರೆ ನಾನು ಮಾಡಿದ ಮೊದಲನೇ ಜೊತೆ ನಿಲ್ಲಲಿಲ್ಲ. ಅದು ಯಾಕೆ ನಿಲ್ಲಲಿಲ್ಲ ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ.

ಒಂದೊಂದು ಸ್ಟ್ಯಾಂಡಿಗೂ ಮೂರೇ ತುಂಡು. ಎರಡು ಕಾಲು ಹಲಗೆ, ಅವುಗಳ ಮೇಲೆ ಅಡ್ಡಲಾಗಿ ಕೂರುವ ಒಂದು ಬೀಮ್. ಕಾಲಿನ ತಲೆಯಿಂದ ಕೆಳಕ್ಕೆ ಒಂದು ಕಚ್ಚು (ಹಲಗೆಯ ದಪ್ಪದಷ್ಟೇ ಅಗಲದ ಸೀಳು), ಬೀಮಿನ ಕೆಳ ಅಂಚಿನಿಂದ ಮೇಲಕ್ಕೆ ಒಂದು ಕಚ್ಚು. ಒಂದರೊಳಗೆ ಒಂದು ಇಳಿದು ಕೂರುತ್ತದೆ. ಮೊದಲ ಸಲ ನಾನು ಬೀಮನ್ನು ಬರೀ 150 ಮಿ.ಮೀ. ಅಗಲ ಇಟ್ಟಿದ್ದೆ. ಅಂದರೆ ಅದರೊಳಗಿನ ಕಚ್ಚು 75 ಮಿ.ಮೀ. ಆಳ. ಬರೀ ಸ್ಟ್ಯಾಂಡನ್ನು ಮೇಲಿಂದ ಒತ್ತಿ ನೋಡಿದಾಗ ಕಲ್ಲಿನ ಹಾಗೆ ನಿಂತಿತ್ತು. ಶೀಟ್ ಹತ್ತಿಸುವಾಗ ಗೊತ್ತಾಯಿತು. ಒಬ್ಬರೇ ಇದ್ದಾಗ ಶೀಟನ್ನು ಉದ್ದ ಅಂಚಿನ ಮೇಲೆ ನಿಲ್ಲಿಸಿ, ಸ್ಟ್ಯಾಂಡುಗಳಿಗೆ ಒರಗಿಸಿ, ಕೆಳಗಿನ ಅಂಚು ಹಿಡಿದು ಎತ್ತುತ್ತೇವೆ ಅಲ್ವಾ? ಹಾಗೆ ಒರಗಿಸಿದ ಕೂಡಲೇ ಎರಡೂ ಸ್ಟ್ಯಾಂಡ್ ಬೀಮಿನ ಉದ್ದಕ್ಕೆ ವಾಲಿದವು. ಶೀಟ್ ಜಾರಿ ಒಂದು ಮೂಲೆ ನೆಲಕ್ಕೆ ಬಡಿದು ಪದರ ಬಿಟ್ಟಿತು.

ಕಾರಣ ಸರಳ. ಕಾಲು ಹಲಗೆ ಕಚ್ಚಿನೊಳಗೆ ಕೂತಿರುವುದು 75 ಮಿ.ಮೀ. ಮಾತ್ರ, ಅದರ ಕೆಳಗೆ ನೆಲದವರೆಗೆ ಅರ್ಧ ಮೀಟರಿಗೂ ಜಾಸ್ತಿ ಕಾಲು ಇದೆ. ಕಚ್ಚಿನಲ್ಲಿ 2 ಮಿ.ಮೀ. ಸಡಿಲ ಇದ್ದರೆ ಕಾಲಿನ ತುದಿಯಲ್ಲಿ ಅದು ಏಳೆಂಟು ಪಟ್ಟು ಆಗುತ್ತದೆ. ಹಾಗಾಗಿ ಎರಡು ವಿಷಯ ಸರಿ ಇರಬೇಕು: ಬೀಮ್ ಅಗಲವಾಗಿರಬೇಕು, ಕಚ್ಚು ಬಿಗಿಯಾಗಿರಬೇಕು. ಉಳಿದ ಅಳತೆಗಳಲ್ಲಿ ಒಂದಿಷ್ಟು ಆಚೀಚೆ ಆದರೂ ನಡೆಯುತ್ತದೆ.

ಈಗ ನನ್ನ ಹತ್ತಿರ ಇರುವ ಜೊತೆಯ ಅಳತೆ ಹೇಳುತ್ತೇನೆ. 18 ಮಿ.ಮೀ. ಪ್ಲೈವುಡ್. ಬೀಮ್ 1000 ಮಿ.ಮೀ. ಉದ್ದ, 300 ಅಗಲ. ಹೊರಪದರದ ನಾರು ಬೀಮಿನ ಉದ್ದಕ್ಕೆ ಬರಬೇಕು. ಕಾಲು ಹಲಗೆ 650 ಎತ್ತರ, ಕೆಳಗೆ 550 ಅಗಲ, ಮೇಲೆ 250. ಬೀಮಿನಲ್ಲಿ ಎರಡು ತುದಿಯಿಂದಲೂ 200 ಬಿಟ್ಟು ಒಂದೊಂದು ಕಚ್ಚು, 150 ಆಳ. ಕಾಲಿನ ಕಚ್ಚು ಮಾತ್ರ 140 ಆಳ. ಆ 10 ಮಿ.ಮೀ. ವ್ಯತ್ಯಾಸ ಬೇಕಂತಲೇ ಇಟ್ಟದ್ದು. ಬೀಮ್ ಕಾಲುಗಳಿಗಿಂತ ಅಷ್ಟು ಮೇಲೆ ನಿಲ್ಲುತ್ತದೆ, ಶೀಟ್ ಕಾಲಿನ ತಲೆಗೆ ತಾಗುವುದಿಲ್ಲ. ಎರಡು ಸ್ಟ್ಯಾಂಡಿನ ಆರೂ ತುಂಡು ಒಂದೇ ಶೀಟಿನಲ್ಲಿ ಬರುತ್ತವೆ, ಪಟ್ಟಿ ಮಿಗುತ್ತದೆ ಕೂಡ. ಬಿಚ್ಚಿ ಒಂದರ ಮೇಲೊಂದು ಒಟ್ಟಿದರೆ ದಪ್ಪ ನಾಲ್ಕೂಕಾಲು ಇಂಚು. ಬೀರುವಿನ ಹಿಂದೆ ಅಷ್ಟು ಸಂದಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಕಾಲಿನ ತಳದಲ್ಲಿ ಮಧ್ಯದ ಭಾಗವನ್ನು ಕಮಾನಿನ ಹಾಗೆ ಕೊಯ್ದು ತೆಗೆಯಿರಿ. ಆಗ ಎರಡು ತುದಿ ಮಾತ್ರ ನೆಲ ಮುಟ್ಟುತ್ತವೆ. ನೆಲ ಸ್ವಲ್ಪ ಏರುಪೇರಿದ್ದರೂ ಕುಂಟುವುದು ಕಡಿಮೆ.

ಇನ್ನು ಕಚ್ಚಿನ ವಿಷಯ. ಇಲ್ಲಿ ಅವಸರ ಬೇಡ. 18 ಮಿ.ಮೀ. ಅಂತ ಕೊಂಡ ಶೀಟ್ ಎಷ್ಟೋ ಸಲ ನಿಜವಾಗಿ 18 ಇರುವುದಿಲ್ಲ, ಅರ್ಧ ಮಿ.ಮೀ. ಅಥವಾ ಇನ್ನೂ ಸ್ವಲ್ಪ ಕಡಿಮೆ ಇರುತ್ತದೆ. ಟೇಪಿನಲ್ಲಿ 18 ಅಳೆದು ಗೆರೆ ಹಾಕಿದರೆ ಕಚ್ಚು ಅಲ್ಲೇ ಸಡಿಲವಾಯಿತು. ಅದಕ್ಕೆ ನಾನು ಟೇಪ್ ಹಿಡಿಯುವುದೇ ಇಲ್ಲ. ಅದೇ ಶೀಟಿನ ಒಂದು ಚೂರನ್ನು ಕಚ್ಚು ಬರಬೇಕಾದ ಜಾಗದಲ್ಲಿ ಮೂಲೆಮಟ್ಟಕ್ಕೆ ಒತ್ತಿ ನೆಟ್ಟಗೆ ನಿಲ್ಲಿಸುತ್ತೇನೆ. ಅದರ ಎರಡೂ ಮೈಗೆ ಚಾಕುವಿನ ಮೊನೆ ತಾಗಿಸಿ ಗೆರೆ ಎಳೆಯುತ್ತೇನೆ. ಪೆನ್ಸಿಲ್ ಗೆರೆಗೇ ಒಂದು ದಪ್ಪ ಇರುತ್ತದೆ, ಚಾಕುವಿನ ಗೆರೆಗೆ ಇರುವುದಿಲ್ಲ. ಮೇಲಿನ ಪದರವನ್ನು ಚಾಕು ಮೊದಲೇ ಕತ್ತರಿಸಿರುವುದರಿಂದ, ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುವ ಕರೆಂಟ್ ಗರಗಸ, ಅಂದರೆ ಜಿಗ್‌ಸಾ ಓಡುವಾಗ ಅಂಚು ಸಿಬಿರು ಏಳುವುದೂ ಕಡಿಮೆ.

ಕಚ್ಚಿನ ಕೊನೆಯಲ್ಲಿ, ಗೆರೆಗಳ ಒಳಗೇ ಬರುವಂತೆ 16 ಮಿ.ಮೀ. ಬಿಟ್‌ನಿಂದ ಒಂದು ತೂತು ಹಾಕಿ. ಆಮೇಲೆ ಎರಡೂ ಗೆರೆಯ ಒಳಬದಿಗೆ ಜಿಗ್‌ಸಾದಲ್ಲಿ ಕೊಯ್ಯಿರಿ, ಗೆರೆ ಉಳಿಯಬೇಕು. ಕೊನೆಯ ಮೂಲೆಗಳನ್ನು ಉಳಿಯಿಂದ ಚೌಕ ಮಾಡಿ. ಎರಡು ಹಲಗೆ ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಸಲ ಕೊಯ್ದರೆ ಸಮಯ ಉಳಿಯುತ್ತೆ ಅನಿಸಬಹುದು. ಬೇಡ. 36 ಮಿ.ಮೀ. ದಪ್ಪದಲ್ಲಿ ಜಿಗ್‌ಸಾ ಬ್ಲೇಡ್ ಒಳಗೊಳಗೇ ಬಾಗುತ್ತದೆ. ಮೇಲಿನ ಹಲಗೆ ಸರಿ ಇದ್ದು ಕೆಳಗಿನದು ಸೊಟ್ಟ ಆಗಿರುತ್ತದೆ.

ಗೆರೆಯವರೆಗೆ ಬರುವುದು ಅರದ ಕೆಲಸ. ಸ್ವಲ್ಪ ಉಜ್ಜಿ, ಸಿಕ್ಕಿಸಿ ನೋಡಿ, ಮತ್ತೆ ಉಜ್ಜಿ. ನಾನು ನೋಡುವ ಗುರುತು ಇದು: ಬೀಮ್ ಕೈಯ ಭಾರಕ್ಕೆ ಮುಕ್ಕಾಲು ಇಳಿಯಬೇಕು, ಉಳಿದದ್ದಕ್ಕೆ ಮುಷ್ಟಿಯಿಂದ ಎರಡು ಏಟು ಬೇಕಾಗಬೇಕು. ಸುಮ್ನೆ ಬಿಟ್ಟರೆ ದಡಕ್ಕನೆ ಇಳಿದರೆ ಸಡಿಲ. ಸುತ್ತಿಗೆ ಬೇಕಾದರೆ ಜಾಸ್ತಿ ಬಿಗಿ, ಬಿಚ್ಚುವಾಗ ಅಂಚಿನ ಪದರ ಕಿತ್ತು ಬರುತ್ತದೆ. ಕಚ್ಚಿನ ಬಾಯಿಯನ್ನು ಸ್ಯಾಂಡ್‌ಪೇಪರಿನಿಂದ ಸ್ವಲ್ಪ ಸವರಿ ಓರೆ ಮಾಡಿದರೆ ಸಿಕ್ಕಿಸುವಾಗ ಹುಡುಕಾಡಬೇಕಿಲ್ಲ. ಎಲ್ಲ ಆದ ಮೇಲೆ ಒಳಗೋಡೆಗೆ ಮೇಣದಬತ್ತಿ ಉಜ್ಜಿ.

ಒಂದು ಕಚ್ಚು ಸಡಿಲವಾಗಿಬಿಟ್ಟರೆ ಹಲಗೆ ಬಿಸಾಡಬೇಡಿ. ಲ್ಯಾಮಿನೇಟ್ ಶೀಟಿನ ಚೂರು ಸುಮಾರು 1 ಮಿ.ಮೀ. ಇರುತ್ತದೆ. ಅದನ್ನು ಒಂದು ಗೋಡೆಗೆ ಅಂಟಿಸಿ ಮತ್ತೆ ಅರ ಹಿಡಿಯಿರಿ. ನನ್ನ ನಾಲ್ಕು ಜೋಡಣೆಯಲ್ಲಿ ಒಂದು ಇವತ್ತಿಗೂ ಹಾಗೇ ಇದೆ. ಕೈಯಲ್ಲಿ ಉಜ್ಜಿದ್ದರಿಂದ ಯಾವ ಕಾಲು ಯಾವ ಕಚ್ಚಿಗೆ ಅನ್ನುವುದೂ ಮುಖ್ಯ. ಎರಡೂ ಕಡೆ ಒಂದೇ ಅಂಕಿ ಬರೆದಿಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಎರಡು ಸ್ಟ್ಯಾಂಡಿನ ಮೇಲೆ ಶೀಟನ್ನು ನೇರವಾಗಿ ಹಾಕಿ ನಡುವೆ ಅಡ್ಡ ಕೊಯ್ಯಬೇಡಿ. ಕೊಯ್ತ ಮುಗಿಯುತ್ತಾ ಬಂದಾಗ ಎರಡೂ ಅರ್ಧ ಒಳಕ್ಕೆ ಕುಸಿಯುತ್ತವೆ. ಸೀಳು ಮೇಲ್ಗಡೆ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಓಡುತ್ತಿರುವ ಸರ್ಕ್ಯುಲರ್ ಸಾ (ಗುಂಡನೆಯ ಬ್ಲೇಡ್ ತಿರುಗುವ ಕರೆಂಟ್ ಗರಗಸ) ಆಗ ನಿಮ್ಮ ಕಡೆಗೇ ಹಿಂದಕ್ಕೆ ಹಾರುತ್ತದೆ. ಶೀಟಿನ ಭಾರ ಹೊರುವುದು ಸ್ಟ್ಯಾಂಡಿಗೆ ದೊಡ್ಡದೇನಲ್ಲ, ಮೂವತ್ತು ಕೆ.ಜಿ. ಮೇಲೆ ಒಂದಿಷ್ಟು ಅಷ್ಟೇ. ಕೊಯ್ತದ ಕೊನೇ ಕ್ಷಣದಲ್ಲಿ ಎರಡೂ ತುಂಡು ಇದ್ದಲ್ಲೇ ಇರುವಂತೆ ನೋಡಿಕೊಳ್ಳುವುದು ಅದರ ನಿಜವಾದ ಕೆಲಸ.

ಅದಕ್ಕೇ ನಾನು ಬೀಮಿನ ಮೇಲಂಚಿನಲ್ಲಿ ನಾಲ್ಕು ಚಿಕ್ಕ ಕಚ್ಚು ಹಾಕಿದ್ದೇನೆ, 41 ಮಿ.ಮೀ. ಅಗಲ, 40 ಆಳ. ಎರಡು ತುದಿಗಳ ಹತ್ತಿರ ಒಂದೊಂದು, ನಡುವೆ ಎರಡು. ಕೆಳಗಿನ ಕಾಲಿನ ಕಚ್ಚುಗಳ ನೇರಕ್ಕೆ ಮಾತ್ರ ಬರಬಾರದು, ಬಂದರೆ ಬೀಮ್ ಅಲ್ಲಿ ಸೊರಗುತ್ತದೆ. ಎರಡು ಸ್ಟ್ಯಾಂಡನ್ನು ನಾಲ್ಕಡಿ ಅಂತರದಲ್ಲಿಟ್ಟು, 40×65 ಮಿ.ಮೀ. ಮೆದುಮರದ ಏಳಡಿ ಉದ್ದದ ನಾಲ್ಕು ರೀಪುಗಳನ್ನು ಅಂಚಿನ ಮೇಲೆ ನಿಲ್ಲಿಸಿ ಈ ಕಚ್ಚುಗಳಲ್ಲಿ ಕೂರಿಸುತ್ತೇನೆ. ಅವು ಬೀಮಿಗಿಂತ 25 ಮಿ.ಮೀ. ಮೇಲೆ ನಿಲ್ಲುತ್ತವೆ. ಅಡ್ಡ ಕೊಯ್ದಾಗ ಎರಡೂ ತುಂಡು ನಾಲ್ಕೂ ರೀಪಿನ ಮೇಲೆ ಇರುತ್ತವೆ. ಉದ್ದಕ್ಕೆ ನಡುವೆ ಸೀಳಿದರೆ ಒಂದೊಂದು ಅರ್ಧಕ್ಕೆ ಎರಡೆರಡು ರೀಪು ಸಿಗುತ್ತವೆ. ಉದ್ದದ ಗೆರೆ ನಡುವಿಗೆ ಬರದಿದ್ದರೆ, ಕೊಯ್ಯುವ ಮುಂಚೆ ಶೀಟನ್ನೇ ಸರಿಸಿ, ಗೆರೆಯ ಎರಡೂ ಕಡೆ ಎರಡೆರಡು ರೀಪು ಇರುವಂತೆ ಮಾಡಿಕೊಳ್ಳಿ. ಕಿರಿದಾದ ಪಟ್ಟಿಗೆ ಒಂದೇ ರೀಪು ಸಿಕ್ಕರೆ ಅದನ್ನು ರೀಪಿಗೇ ಕ್ಲಾಂಪ್ ಮಾಡಿ.

ಬ್ಲೇಡಿನ ಆಳವನ್ನು ಶೀಟಿನ ದಪ್ಪಕ್ಕಿಂತ 5 ಮಿ.ಮೀ. ಮಾತ್ರ ಜಾಸ್ತಿ ಇಡಿ. ಬ್ಲೇಡ್ ರೀಪನ್ನು ಗೀರುತ್ತದೆ, ಬೀಮ್ ತಂಟೆಗೆ ಹೋಗುವುದಿಲ್ಲ. ರೀಪಿನಲ್ಲಿ ಸ್ಕ್ರೂ, ಮೊಳೆ ಇರಲೇಬಾರದು, ಹಳೇ ಮರವಾದರೆ ಕೈಯಾಡಿಸಿ ನೋಡಿಕೊಳ್ಳಿ. ಸರ್ಕ್ಯುಲರ್ ಸಾದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲಿನ ಮೈಯಲ್ಲಿ. ಚೆಂದದ ಮೈ ಕೆಳಗಿರಲಿ.

ಸ್ಟ್ಯಾಂಡ್ ಇಲ್ಲದೆ ಸ್ಟ್ಯಾಂಡಿನ ಶೀಟನ್ನು ಹೇಗೆ ಕೊಯ್ಯುವುದು ಅಂತ ನಿಮಗೆ ಅನಿಸಿರಬಹುದು. ಅದೇ ನಾಲ್ಕು ರೀಪುಗಳನ್ನು ನೆಲದ ಮೇಲೆ ಮಲಗಿಸಿ, ಮೇಲೆ ಶೀಟ್ ಹಾಕಿ, ಮಂಡಿಯೂರಿ ಕೊಯ್ಯಿರಿ. ಆಳ ಅದೇ 5 ಮಿ.ಮೀ. ಬೆನ್ನು ನೋಯುತ್ತದೆ, ಆದರೆ ಹಾಗೆ ಕೊಯ್ಯಬೇಕಾದ್ದು ಇದೊಂದೇ ಶೀಟ್.