'ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್ 3' (ಹೀರೋಸ್ 3) ಕಂಪ್ಯೂಟರ್ ಆಟದಲ್ಲಿ ಎಲ್ಲಕ್ಕಿಂತ ಕಷ್ಟದ 'ಇಂಪಾಸಿಬಲ್' ಮಟ್ಟ ಗೆದ್ದವರು ಯಾರಾದರೂ ಇದ್ದೀರಾ? ಹೇಗೆ ಗೆದ್ದಿರಿ?

ಗೆದ್ದಿದ್ದೇನೆ. ಅದೂ ನನ್ನ ಒಂದೇ ಒಂದು ಟೌನನ್ನು (ಕಟ್ಟಡ ಕಟ್ಟಿ ಸೈನಿಕರನ್ನು ಕೊಳ್ಳುವ ಊರು) ಶತ್ರುವಿಗೆ ಬಿಟ್ಟುಕೊಟ್ಟು ಗೆದ್ದಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ನಿಮ್ಮ ತಕರಾರು ಎರಡು. ಇಂಪಾಸಿಬಲ್ ಹಾಕಿದರೆ ಶುರುವಿನಲ್ಲಿ ಕೈಯಲ್ಲಿ ಬಿಡಿಗಾಸೂ ಇರಲ್ಲ, ಏನೂ ಕಟ್ಟೋಕಾಗಲ್ಲ ಅನ್ನೋದು ಒಂದು. ಎರಡನೇ ವಾರ ಮುಗಿಯುವ ಹೊತ್ತಿಗೆ ಕಂಪ್ಯೂಟರಿನ ಹೀರೋ (ಸೈನ್ಯ ನಡೆಸುವ ನಾಯಕ) ದಂಡು ಕಟ್ಟಿಕೊಂಡು ಬಂದು ಟೌನ್ ಹಿಡಿದುಬಿಡುತ್ತಾನೆ ಅನ್ನೋದು ಇನ್ನೊಂದು. ಎರಡೂ ನಿಜ. ಆದರೆ ಮೊದಲನೆಯದು ಕಾಣುವಷ್ಟು ದೊಡ್ಡ ಕಷ್ಟ ಅಲ್ಲ.

ಮೊದಲು ಇಂಪಾಸಿಬಲ್ ಮಟ್ಟಕ್ಕೆ ತೋರಿಸುವ ಆ 200% ಬಗ್ಗೆ. ಅದನ್ನು ನೋಡಿ ಶತ್ರುವಿಗೆ ಎರಡು ಪಟ್ಟು ಬಲ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ಗೆದ್ದ ಮೇಲೆ ಸ್ಕೋರ್ ಲೆಕ್ಕ ಹಾಕುವ ಸಂಖ್ಯೆ ಅಷ್ಟೇ. ನಿಮಗೆ ನಿಜವಾಗಿ ಬೀಳುವ ಪೆಟ್ಟು ಶುರುವಿನ ಸಾಮಾನಿನಲ್ಲಿದೆ. ಅದರ ಕೆಳಗಿನ ಎಕ್ಸ್‌ಪರ್ಟ್ ಮಟ್ಟದಲ್ಲಿ 10,000 ಗೋಲ್ಡ್, 10 ಮರ, 10 ಅದಿರು ಕೊಡುತ್ತಾರೆ. ಇಂಪಾಸಿಬಲ್‌ನಲ್ಲಿ ಎಲ್ಲ ಸೊನ್ನೆ. 1999ರಲ್ಲಿ ಈ ಆಟ ಮಾಡಿದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್‌ನವರು ಈ ಎರಡು ಮಟ್ಟಗಳ ಮಧ್ಯೆ ಇನ್ನೊಂದು ಮೆಟ್ಟಿಲು ಇಡಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಈಗ ಮುಖ್ಯ ವಿಷಯ. ಗೋಲ್ಡ್ ನಿಮ್ಮ ಖಜಾನೆಯಲ್ಲಿ ಇಲ್ಲದಿದ್ದರೂ ಮ್ಯಾಪಿನ ತುಂಬಾ ಬಿದ್ದಿದೆ. ಹೆಕ್ಕೋಕೆ ಕಾಲು ಬೇಕು. ಹಾಗಾಗಿ ಈ ಮಟ್ಟದಲ್ಲಿ ನಾನು ಮೊದಲ ವಾರ ಎಣಿಸುವುದು ಹೆಜ್ಜೆಗಳನ್ನು. ಹಣ ಅದರ ಹಿಂದೆ ತಾನೇ ಬರುತ್ತದೆ.

ಶುರುವಿನ ಬೋನಸ್ ಆರಿಸುವಾಗ ಗೋಲ್ಡ್ ತಗೊಳ್ಳಿ. 500ರಿಂದ 1000ದವರೆಗೆ ಸಿಗುತ್ತದೆ. ಬೇರೆ ಮಟ್ಟದಲ್ಲಿ ಅದು ಚಿಲ್ಲರೆ, ಇಲ್ಲಿ ಅದೇ ಬಂಡವಾಳ. ಮ್ಯಾಪಿನಲ್ಲಿ ಚೆಸ್ಟ್ (ನಿಧಿ ಪೆಟ್ಟಿಗೆ) ಸಿಕ್ಕಾಗ ಗೋಲ್ಡ್ ಬೇಕಾ, ಅನುಭವ ಬೇಕಾ ಅಂತ ಕೇಳುತ್ತದಲ್ವಾ? 1000 ಗೋಲ್ಡ್ ಅಥವಾ 500 ಅನುಭವ, 1500 ಅಥವಾ 1000, 2000 ಅಥವಾ 1500. ಮುಖ್ಯ ಹೀರೋಗೆ ಅನುಭವ ಕೊಡಿ ಅಂತ ಎಲ್ಲರೂ ಹೇಳುತ್ತಾರೆ, ಉಳಿದ ಮಟ್ಟಗಳಿಗೆ ಅದು ಒಳ್ಳೆಯ ಮಾತೇ. ಇಲ್ಲಿ ಮೊದಲ ವಾರ ಕಣ್ಣು ಮುಚ್ಚಿ ಗೋಲ್ಡ್ ಒತ್ತಿ.

ಮೊದಲ 2500 ಗೋಲ್ಡ್ ಸೇರಿದಾಗ ಏನು ಮಾಡಬೇಕು ಅನ್ನುವಲ್ಲೇ ಆಟ ಅರ್ಧ ತೀರ್ಮಾನ ಆಗುತ್ತದೆ. ಟೌನ್ ಹಾಲ್‌ಗೂ ಅಷ್ಟೇ ಖರ್ಚು, ಟ್ಯಾವರ್ನಿನಲ್ಲಿ ಹೊಸ ಹೀರೋಗೂ ಅಷ್ಟೇ. ಟೌನ್ ಹಾಲ್ ಕಟ್ಟಿದರೆ ದಿನದ ಆದಾಯ 500ರಿಂದ 1000 ಆಗುತ್ತದೆ. ಅಂದರೆ ಹಾಕಿದ ದುಡ್ಡು ವಾಪಸ್ ಬರೋಕೆ ಐದು ದಿನ ಬೇಕು. ಹೀರೋ ಹಾಗಲ್ಲ. ತನ್ನ ಜೊತೆ ಒಂದಿಷ್ಟು ಸೈನಿಕರನ್ನು ಕರೆದುಕೊಂಡೇ ಬರುತ್ತಾನೆ, ಅವತ್ತೇ ಹೊರಟು ದಾರಿಯಲ್ಲಿ ಬಿದ್ದದ್ದನ್ನು ಹೆಕ್ಕುತ್ತಾನೆ. ಒಂದು ಚೆಸ್ಟ್, ಒಂದು ಕ್ಯಾಂಪ್‌ಫೈರ್ ಸಿಕ್ಕರೆ ಅವನ ಸಂಬಳ ಹೆಚ್ಚುಕಮ್ಮಿ ತೀರಿತು. ನಾನು ಯಾವತ್ತೂ ಮೊದಲು ಹೀರೋನನ್ನೇ ತಗೊಳ್ಳುವುದು. ಇದನ್ನು ಒಪ್ಪದ ಆಟಗಾರರೂ ಇದ್ದಾರೆ. ಅವರು ಕ್ಯಾಪಿಟಲ್ (ಟೌನ್ ಹಾಲಿನ ಕೊನೆಯ ಮೆಟ್ಟಿಲು) ಬೇಗ ಕಟ್ಟಿ ದಿನಕ್ಕೆ 4000 ಎಣಿಸುವ ಕಡೆಯವರು. ಶತ್ರು ದೂರ ಇದ್ದರೆ ಅವರ ಲೆಕ್ಕ ಸರಿ. ನಿಮ್ಮ ಶತ್ರು ದೂರ ಇಲ್ಲವಲ್ಲ.

ಹೆಜ್ಜೆಯ ಲೆಕ್ಕ ಹೀಗೆ. ಬೆಳಿಗ್ಗೆ ಹೀರೋ ಜೊತೆ ಇರುವವರಲ್ಲಿ ಎಲ್ಲರಿಗಿಂತ ನಿಧಾನ ಯಾರೋ, ಅವರ ವೇಗ ನೋಡಿ ಆ ದಿನದ ನಡಿಗೆ ಸಿಗುತ್ತದೆ. ವೇಗ 3 ಇದ್ದರೆ 1500 ಪಾಯಿಂಟ್, 11 ಅಥವಾ ಜಾಸ್ತಿ ಇದ್ದರೆ 2000. ಹುಲ್ಲಿನ ಮೇಲೆ ನೇರ ಒಂದು ಹೆಜ್ಜೆಗೆ 100. ಜೌಗಿನಲ್ಲಿ 175 ತಿನ್ನುತ್ತದೆ, ಕಲ್ಲು ಹಾಸಿದ ರಸ್ತೆಯಲ್ಲಿ ಬರೀ 50. ಹಾಗಾಗಿ ಟವರ್ ಅನ್ನುವ ಬಗೆಯ ಟೌನಿನಲ್ಲಿ ಆಡುವಾಗ ಸ್ಟೋನ್ ಗೋಲೆಮ್‌ಗಳನ್ನು ನಾನು ಮನೆಯಲ್ಲೇ ಬಿಡುತ್ತೇನೆ. ವೇಗ ಮೂರು, ಮದುವೆ ದಿಬ್ಬಣದಲ್ಲಿ ಹಿಂದೆ ಉಳಿದ ಅಜ್ಜನ ಹಾಗೆ ಎಲ್ಲರನ್ನೂ ನಿಲ್ಲಿಸುತ್ತವೆ.

ಇನ್ನೊಂದು ಸಂಗತಿ: ನಡಿಗೆ ಮುಗಿಯುವುದು ಹೀರೋಗೆ, ಸೈನ್ಯಕ್ಕಲ್ಲ. ಒಬ್ಬ ಹೀರೋ ನಡೆದು ಸುಸ್ತಾದ ಕಡೆ ಇನ್ನೊಬ್ಬ ನಿಂತಿದ್ದರೆ, ಇಡೀ ಸೈನ್ಯವನ್ನು ಅವನಿಗೆ ದಾಟಿಸಿ ಅದೇ ದಿನ ಮುಂದೆ ಹೋಗಬಹುದು. ಇದಕ್ಕೆ ಆಟಗಾರರು ಚೈನ್ ಅನ್ನುತ್ತಾರೆ. ಎರಡನೇ ಹೀರೋ ಬೇಗ ಬೇಕು ಅಂದದ್ದಕ್ಕೆ ಇದೂ ಒಂದು ಕಾರಣ.

ಜಗಳ ಹೇಗೆ ಆಡಬೇಕು ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಾನು ಗೆದ್ದ ಆಟದಲ್ಲಿ ಟವರ್ ಟೌನ್, ಹೀರೋ ಸೋಲ್ಮಿರ್. ಮರದ ಮಿಲ್ಲಿನ ಮುಂದೆ ವಾಕಿಂಗ್ ಡೆಡ್ (ನಡೆಯುವ ಹೆಣಗಳು) ಗುಂಪು ಕಾವಲಿತ್ತು. ನನ್ನ ಹತ್ತಿರ ಇದ್ದದ್ದು ದೂರದಿಂದ ಹೊಡೆಯುವ ಮಾಸ್ಟರ್ ಗ್ರೆಮ್ಲಿನ್‌ಗಳು, ತಲೆಗೆ 40 ಗೋಲ್ಡಿನವು, ಪ್ರಾಣ ಬರೀ ನಾಲ್ಕು. ಹೆಣಗಳು ಹತ್ತಿರ ಬಂದರೆ ಕಥೆ ಮುಗಿದಂತೆ. ಆದರೆ ಮೈದಾನ 15 ಹೆಕ್ಸ್ (ಆರು ಮೂಲೆಯ ಖಾನೆ) ಅಗಲ, ಹೆಣಗಳ ವೇಗ ಮೂರು. ಈ ಕಡೆ ಮುಟ್ಟೋಕೆ ಅವಕ್ಕೆ ಐದು ಸುತ್ತು ಬೇಕು. ಹತ್ತು ಹೆಕ್ಸಿಗಿಂತ ದೂರದಿಂದ ಹೊಡೆದರೆ ಪೆಟ್ಟು ಅರ್ಧ ಆಗುತ್ತದೆ. ಅದಕ್ಕೆ ಶುರುವಿನ ಸುತ್ತುಗಳಲ್ಲಿ ಗ್ರೆಮ್ಲಿನ್‌ಗಳಿಗೆ ನೇರ ಹೊಡೆತ ಕೊಡದೆ ವೇಟ್ ಒತ್ತಿದೆ. ವೇಟ್ ಅಂದರೆ ಸರದಿ ತಪ್ಪುವುದಿಲ್ಲ, ಸುತ್ತಿನ ಕೊನೆಗೆ ಹೋಗುತ್ತದೆ ಅಷ್ಟೇ. ಹೆಣಗಳು ತಾವಾಗಿ ಮುಂದೆ ಬರುತ್ತವೆ, ಆಮೇಲೆ ಹೊಡೆಯುವುದು. ಮುಂದಿನ ಸುತ್ತಿನಲ್ಲಿ ವೇಗ ಜಾಸ್ತಿ ಇರುವ ನಮ್ಮದೇ ಮೊದಲ ಸರದಿ, ಮತ್ತೆ ಹೊಡೆಯುವುದು. ಅವು ಒಂದು ಹೆಜ್ಜೆಯೂ ಇಡುವ ಮುಂಚೆ ಎರಡು ಸಲ ಪೆಟ್ಟು ಬಿದ್ದಿರುತ್ತದೆ.

ಇದರ ಜೊತೆ ಒಂದೇ ಒಂದು ಗಾರ್ಗಾಯ್ಲನ್ನು ಬೇರೆ ಸ್ಟ್ಯಾಕ್ (ಗುಂಪು) ಮಾಡಿ ಹಾರಿಸಿದ್ದೆ. ಅದರ ವೇಗ ಆರು. ಹೆಣಗಳಿಂದ ಐದು ಹೆಕ್ಸ್ ಆಚೆ ಹೋಗಿ ಕೂರುವುದು, ಅವು ಆ ಕಡೆ ತಿರುಗಿದ ಕೂಡಲೇ ಇನ್ನೊಂದು ಮೂಲೆಗೆ ಹಾರುವುದು. ಗುಂಪಿನ ಅರ್ಧ ಅದರ ಹಿಂದೆಯೇ ಅಲೆಯಿತು. ಮಿಲ್ ಸಿಕ್ಕಿತು, ಒಂದು ಗ್ರೆಮ್ಲಿನ್ನೂ ಸಾಯಲಿಲ್ಲ. ದಿನಕ್ಕೆ ಎರಡು ಮರ. ಸೊನ್ನೆಯಿಂದ ಶುರು ಮಾಡಿದವನಿಗೆ ಆ ಎರಡು ಎಷ್ಟು ದೊಡ್ಡದು ಅಂತ ನಿಮಗೆ ಹೇಳಬೇಕಾಗಿಲ್ಲ.

ಸೋಲ್ಮಿರ್ ಬಗ್ಗೆ ಒಂದು ಮಾತು. ಅವನು ಶುರುವಿನಿಂದಲೇ ಚೈನ್ ಲೈಟ್ನಿಂಗ್ ಬಲ್ಲ, ಅದಕ್ಕೇ ಎಲ್ಲರಿಗೂ ಅವನು ಇಷ್ಟ. ಆದರೆ ಆ ಮಂತ್ರಕ್ಕೆ 24 ಮನಾ (ಮಂತ್ರಶಕ್ತಿ) ಬೇಕು, ಅವನ ಹತ್ತಿರ ಮೊದಲಿಗೆ ಇರುವುದು 30. ಒಂದು ಸಲ ಹೊಡೆದರೆ ಕೈ ಖಾಲಿ. ಮಿಂಚು ಒಂದರಿಂದ ಹತ್ತಿರದ ಇನ್ನೊಂದಕ್ಕೆ ಹಾರುತ್ತದೆ, ಪ್ರತಿ ಸಲ ಅರ್ಧ ಬಲ ಕಳಕೊಳ್ಳುತ್ತದೆ. ಹಾರುವಾಗ ಅದಕ್ಕೆ ನಮ್ಮವರು ತಮ್ಮವರು ಅಂತಿಲ್ಲ. ಹತ್ತಿರ ನಿಂತ ನಿಮ್ಮ ಗಾರ್ಗಾಯ್ಲನ್ನೂ ಸುಟ್ಟುಬಿಡುತ್ತದೆ. ಯಾವಾಗಲೂ ನಿಮ್ಮ ಸಾಲಿನಿಂದ ದೂರದಲ್ಲಿ ಗುಂಪಾಗಿ ನಿಂತವರ ಮೇಲೆ ಬಿಡಿ.

ಈಗ ನಿಮ್ಮ ಎರಡನೇ ತಕರಾರು, ಟೌನ್ ಹಿಡಿಯಲು ಬರುವ ಹೀರೋ.

ನನ್ನ ಆಟದಲ್ಲಿ ಅವನು ಡಂಜನ್ ಅನ್ನುವ ಬಗೆಯ ಟೌನಿನವನು. ಚೆಸ್ಟ್ ಹೆಕ್ಕಲು ಕಳಿಸಿದ್ದ ನನ್ನ ಎರಡನೇ ಹೀರೋ ಅವನನ್ನು ದಾರಿಯಲ್ಲೇ ಕಂಡ. ಬಲ ಕ್ಲಿಕ್ ಮಾಡಿ ನೋಡಿದರೆ ಮಿನೋಟಾರ್‌ಗಳು 'ಪ್ಯಾಕ್', ಅಂದರೆ 10ರಿಂದ 19. ಜೊತೆಗೆ ಮೆಡುಸಾಗಳು. ನನ್ನ ಟೌನಿನಲ್ಲಿ ಗೋಡೆಯೂ ಸರಿಯಾಗಿ ಇರಲಿಲ್ಲ. ಬಯಲಲ್ಲಿ ನಿಂತರೆ ಗ್ರೆಮ್ಲಿನ್‌ಗಳು ಒಂದು ಸುತ್ತೂ ಉಳಿಯುತ್ತಿರಲಿಲ್ಲ.

ಇಲ್ಲಿ ಒಂದು ನಿಯಮ ಕೈ ಹಿಡಿಯಿತು. ಕೊನೆಯ ಟೌನ್ ಹೋದರೂ ಆಟ ಅಲ್ಲೇ ಮುಗಿಯಲ್ಲ. ಏಳು ದಿನದೊಳಗೆ ಬೇರೆ ಯಾವುದಾದರೂ ಟೌನ್ ಹಿಡಿದರೆ ಸಾಕು. ಮತ್ತೆ, ಕಂಪ್ಯೂಟರ್ ತನ್ನ ಮುಕ್ಕಾಲು ಬಲವನ್ನು ಒಬ್ಬನೇ ಹೀರೋ ಹೆಗಲಿಗೆ ಹಾಕಿ ಕಳಿಸಿತ್ತು. ಅವನು ಇಲ್ಲಿದ್ದಾನೆ ಅಂದರೆ ಅವನ ಮನೆ ಖಾಲಿ, ಅಲ್ವಾ?

ಟೌನಿನಲ್ಲಿ ಕೊಳ್ಳಬಹುದಾದ ಸೈನಿಕರನ್ನೆಲ್ಲ ಕೊಂಡೆ, ಅವನಿಗೆ ಒಬ್ಬರೂ ಸಿಗದ ಹಾಗೆ. ಕಾವಲಿನಲ್ಲಿ ಒಬ್ಬನನ್ನೂ ಉಳಿಸಲಿಲ್ಲ. ಎಲ್ಲರನ್ನೂ ಸೋಲ್ಮಿರ್‌ಗೆ ತುಂಬಿ ಇನ್ನೊಂದು ದಾರಿ ಹಿಡಿದೆ. ಮಧ್ಯದಲ್ಲಿ ಎರಡನೇ ಹೀರೋ ನಿಂತಿದ್ದ, ಅಲ್ಲಿಂದ ಸೈನ್ಯ ಅವನ ಕೈಗೆ, ಆಮೇಲೆ ಮತ್ತೆ ಸೋಲ್ಮಿರ್ ಕೈಗೆ. ಅಷ್ಟರಲ್ಲಿ ಶತ್ರುವಿನ ಹೀರೋ ನನ್ನ ಟೌನಿಗೆ ಕಾಲಿಟ್ಟ. ಮನೆ ಹೋಯಿತು ಅಂತ ಸಂದೇಶ ಬಂತು. ಓದಿದಾಗ ಹೊಟ್ಟೆಯಲ್ಲಿ ಸ್ವಲ್ಪ ಸಂಕಟ ಆಗಿದ್ದು ನಿಜ.

ಅವನ ಟೌನಿನಲ್ಲಿ ಇದ್ದದ್ದು ಒಂದಿಷ್ಟು ಟ್ರೋಗ್ಲೊಡೈಟ್, ನಾಲ್ಕಾರು ಹಾರ್ಪಿ. ಗಾರ್ಗಾಯ್ಲ್‌ಗಳು ಗೋಡೆ ಹಾರಿ ಒಳಗೆ ಇಳಿದವು, ಉಳಿದದ್ದನ್ನು ಗ್ರೆಮ್ಲಿನ್‌ಗಳು ಮುಗಿಸಿದವು. ಅವತ್ತು ವಾರದ ಏಳನೇ ದಿನ. ಬೇಕಂತಲೇ ಹಾಗೆ ಲೆಕ್ಕ ಹಾಕಿದ್ದೆ. ಮಾರನೆ ದಿನ ಹೊಸ ವಾರ, ಹೊಸ ಸೈನಿಕರು ಹುಟ್ಟುತ್ತಾರೆ, ಟೌನ್ ಯಾರ ಕೈಲಿದೆಯೋ ಅವರಿಗೆ ಅವರು ಸಿಗುತ್ತಾರೆ. ಹಿಂದಿನ ದಿನಗಳಲ್ಲಿ ಏನೂ ಕಟ್ಟದೆ ಉಳಿಸಿದ್ದ ಗೋಲ್ಡ್ ಎಲ್ಲ ಸುರಿದು ಅವನದೇ ಮಿನೋಟಾರ್‌ಗಳನ್ನು ಕೊಂಡೆ. ಅವನು ಮೊದಲೇ ಮನಾ ವೋರ್ಟೆಕ್ಸ್ ಕಟ್ಟಿಸಿಟ್ಟಿದ್ದ, ಪುಣ್ಯಾತ್ಮ. ಅದು ವಾರಕ್ಕೆ ಒಬ್ಬ ಹೀರೋಗೆ ಮನಾ ಎರಡು ಪಟ್ಟು ಮಾಡುತ್ತದೆ. ಸೋಲ್ಮಿರ್ ಈಗ ಒಂದೇ ಜಗಳದಲ್ಲಿ ಮತ್ತೆ ಮತ್ತೆ ಮಿಂಚು ಬಿಡಬಹುದು.

ಅವನು ವಾಪಸ್ ಬಂದ. ಬರಲೇಬೇಕಿತ್ತು. ಈಗ ಗೋಡೆಯ ಒಳಗೆ ನಾನು, ಹೊರಗೆ ಅವನು. ಮಿನೋಟಾರ್‌ಗಳು ಗೋಡೆ ಒಡೆಯುವವರೆಗೂ ಹೊರಗೇ ಕಾಯಬೇಕು. ಮೆಡುಸಾಗಳು ದೂರದಿಂದ ಹೊಡೆಯುತ್ತವೆ, ಆದರೆ ಅಪ್‌ಗ್ರೇಡ್ ಆಗದ ಮೆಡುಸಾಗೆ ಇರುವುದು ನಾಲ್ಕೇ ಬಾಣ, ಗೋಡೆ ಅಡ್ಡ ಇದ್ದರೆ ಪೆಟ್ಟೂ ಅರ್ಧ. ಗೇಟಿನ ಹೊರಗೆ ಎಲ್ಲರೂ ಒತ್ತಾಗಿ ನಿಂತಿದ್ದಾಗ ಮಿಂಚು ಬಿಟ್ಟೆ, ಮುಂದಿನ ಸುತ್ತಿನಲ್ಲಿ ಮತ್ತೆ ಬಿಟ್ಟೆ. ಗೋಡೆ ಬಿರುಕು ಬಿಟ್ಟಾಗ ಒಳಗೆ ನುಗ್ಗಿದ ಮಿನೋಟಾರ್‌ಗಳಿಗೆ ಮೊದಲು ಸಿಕ್ಕಿದ್ದು ಒಂಟಿ ಗ್ರೆಮ್ಲಿನ್. ಅದು ಸತ್ತಿತು, ಪಾಪ. ಆಮೇಲೆ ನನ್ನ ಸರದಿಯಲ್ಲಿ ಇನ್ನೊಂದು ಒಂಟಿ ಗ್ರೆಮ್ಲಿನ್ನನ್ನು ಅವುಗಳ ಮೇಲೆ ಬಿಟ್ಟೆ. ಒಂದು ಸ್ಟ್ಯಾಕ್ ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ಒಂದೇ ಸಲ ತಿರುಗಿ ಹೊಡೆಯುತ್ತದೆ. ಆ ಏಟನ್ನು ಬಡಪಾಯಿ ಗ್ರೆಮ್ಲಿನ್ ತಿಂದಿತು. ಹಿಂದೆಯೇ ನನ್ನ ಮಿನೋಟಾರ್‌ಗಳು ಹೋಗಿ ಹೊಡೆದವು, ಎದುರೇಟು ಬೀಳಲಿಲ್ಲ. ಸೋಲು ಖಚಿತ ಅಂತ ಕಂಡ ಕೂಡಲೇ ಅವನು ಸೈನ್ಯ ಬಿಟ್ಟು ಓಡಿದ. ನನ್ನ ಹಳೇ ಟೌನ್ ವಾಪಸ್ ತಗೊಳ್ಳೋಕೆ ಆಮೇಲೆ ನಡೆದು ಹೋದದ್ದಷ್ಟೇ ಕೆಲಸ.

ಸೇವ್ ಮಾಡಿಕೊಂಡು ಮತ್ತೆ ಮತ್ತೆ ಲೋಡ್ ಮಾಡಿ ಆಡಬಹುದಾ ಅಂತಲೂ ಕೇಳಿದ್ದೀರಿ. ಆಡಿ, ಯಾರೂ ನೋಡಲ್ಲ. ನಾನು ವಾರಕ್ಕೊಂದು ಸೇವ್ ಇಡುತ್ತೇನೆ. ಪ್ರತಿ ಜಗಳಕ್ಕೂ ಲೋಡ್ ಮಾಡಿದರೆ ಬೋರ್ ಹೊಡೆಯುತ್ತದೆ ಅನ್ನುವುದೊಂದೇ ಕಾರಣ.

ಯಾವ ಟೌನ್ ಸುಲಭ ಅಂದರೆ, ನೆಕ್ರೊಪೊಲಿಸ್. ಗೆದ್ದ ಪ್ರತಿ ಜಗಳದಿಂದ ಬಿಟ್ಟಿ ಅಸ್ಥಿಪಂಜರಗಳು ಸಿಗುತ್ತವೆ, ಕಾಸಿಲ್ಲದವನಿಗೆ ಅದಕ್ಕಿಂತ ಇನ್ನೇನು ಬೇಕು? ಆದರೆ ಅದರಲ್ಲಿ ಗೆದ್ದೆ ಅಂದರೆ ಹಳೇ ಆಟಗಾರರು ಸ್ವಲ್ಪ ಮೂಗು ಮುರಿಯುತ್ತಾರೆ.

ನೀವು ಮ್ಯಾಪ್ ಎಷ್ಟು ದೊಡ್ಡದು ಅಂತ ಬರೆದಿಲ್ಲ. ಸ್ಮಾಲ್ ಅಥವಾ ಮೀಡಿಯಂ ಆದರೆ, ಅಂದರೆ 36 ಅಥವಾ 72 ಚೌಕದ್ದಾದರೆ, ಈ ಮನೆ ಅದಲುಬದಲು ಉಪಾಯ ಮಾಡಿ ನೋಡಿ. ಎಕ್ಸ್‌ಎಲ್ ಆದರೆ ಖಂಡಿತ ಬೇಡ. ಅದು 144 ಚೌಕ. ದಿನಕ್ಕೆ ಹದಿನೈದು ಹದಿನಾರು ಹೆಜ್ಜೆಯ ಲೆಕ್ಕದಲ್ಲಿ ಆ ತುದಿ ಮುಟ್ಟುವಷ್ಟರಲ್ಲಿ ಏಳು ದಿನ ಕಳೆದು ಆಟ ಮುಗಿದಿರುತ್ತದೆ. ಅಂಥ ಮ್ಯಾಪಿನಲ್ಲಿ ಶತ್ರು ನಿಮ್ಮ ಹತ್ತಿರ ಬರೋಕೂ ಅಷ್ಟೇ ಹೊತ್ತು ಹಿಡಿಯುತ್ತದೆ. ಹಾಗಾಗಿ ಮೊದಲು ಹೇಳಿದ ಕ್ಯಾಪಿಟಲ್ ಪಂಗಡದವರ ಮಾತನ್ನೇ ಕೇಳಿ.