ಮೆಶ್ ಸಣ್ಣದಾದಷ್ಟೂ ಮುರಿಯುವ ಲೋಡ್ ಇಳಿಯುವುದು ಏಕೆ

ನಡುವೆ ರಂಧ್ರವಿರುವ ಕಾರ್ಬನ್-ಎಪಾಕ್ಸಿ ಪ್ಲೇಟಿನಲ್ಲಿ ಕಂಪ್ಯೂಟರ್ ಲೆಕ್ಕದ ಮೆಶ್ (ಪ್ಲೇಟನ್ನು ಎಲಿಮೆಂಟ್ ಎಂಬ ಚೂರುಗಳಾಗಿ ಹಂಚುವ ಜಾಲ) ಸಣ್ಣದು ಮಾಡಿದಷ್ಟೂ ಮುರಿಯುವ ಲೋಡ್ ಇಳಿಯುತ್ತಿದೆ ಅಂದಿದ್ದೀರಿ. ಬಹುಶಃ ಹ್ಯಾಶಿನ್ ಸೂಚ್ಯಂಕ (ಪದರಕ್ಕೆ ಹಾನಿ ಶುರುವಾಯಿತೇ ಎಂದು ನೋಡುವ ಮಾನದಂಡ) 1 ಮುಟ್ಟಿದ ಕೂಡಲೇ ಎಲಿಮೆಂಟಿನ ಬಿಗಿತವನ್ನು, ಅಂದರೆ ಸ್ಟಿಫ್‌ನೆಸ್ಸನ್ನು ಸೊನ್ನೆ ಮಾಡುತ್ತಿದ್ದೀರಿ. ಹ್ಯಾಶಿನ್ ಹೇಳುವುದು ಹಾನಿ ಶುರುವಾಯಿತು ಅಂತ ಮಾತ್ರ. ಆಮೇಲಿನದಕ್ಕೆ ಶಕ್ತಿಯ ಲೆಕ್ಕ ಬೇಕು. ಇಲ್ಲದಿದ್ದರೆ ಎಲಿಮೆಂಟ್ ಕುಗ್ಗಿದಂತೆ ಬಿರುಕಿಗೆ ಖರ್ಚಾಗುವ ಶಕ್ತಿಯೂ ಕುಗ್ಗುತ್ತದೆ.

ಮೊದಲು ಫೈಬರ್ (ಕಾರ್ಬನ್ ಎಳೆ), ಮ್ಯಾಟ್ರಿಕ್ಸ್ (ಅದನ್ನು ಹಿಡಿದಿಡುವ ಎಪಾಕ್ಸಿ) ಎರಡಕ್ಕೂ, ಎಳೆತಕ್ಕೂ ಒತ್ತಡಕ್ಕೂ ಬೇರೆಬೇರೆಯಾಗಿ ಫ್ರ್ಯಾಕ್ಚರ್ ಎನರ್ಜಿ (ಬಿರುಕಿನ ಏಕಮಾನ ವಿಸ್ತೀರ್ಣಕ್ಕೆ ಖರ್ಚಾಗುವ ಶಕ್ತಿ) ಕೊಡಿ. ಸ್ಟಿಫ್‌ನೆಸ್ ಇಳಿಯುವ ರೇಖೆಯನ್ನು ಎಲಿಮೆಂಟಿನ ಉದ್ದಕ್ಕೆ ಹೊಂದಿಸಿ. ಆಮೇಲೆ ಎಲಿಮೆಂಟಿನ ಗರಿಷ್ಠ ಗಾತ್ರ ನೋಡಿ: ಮಾಡ್ಯುಲಸ್ಸನ್ನು ಫ್ರ್ಯಾಕ್ಚರ್ ಎನರ್ಜಿಯಿಂದ ಗುಣಿಸಿ, 2ರಿಂದ ಗುಣಿಸಿ, ಸ್ಟ್ರೆಂತ್‌ನ ವರ್ಗದಿಂದ ಭಾಗಿಸಿ. ಉದಾಹರಣೆಗೆ ಮ್ಯಾಟ್ರಿಕ್ಸ್ ಎಳೆತಕ್ಕೆ 9000 ಮೆಗಾಪ್ಯಾಸ್ಕಲ್, ಮಿಲಿಮೀಟರಿಗೆ 0.25 ನ್ಯೂಟನ್, 60 ಮೆಗಾಪ್ಯಾಸ್ಕಲ್ ಹಾಕಿದರೆ 1.25 ಮಿ.ಮೀ. ಬರುತ್ತದೆ. ರಂಧ್ರದ ಸುತ್ತ ಇದಕ್ಕಿಂತ ಸಾಕಷ್ಟು ಚಿಕ್ಕದಿರಲಿ.

ಲೆಕ್ಕ ಕನ್ವರ್ಜ್ ಆಗದಿದ್ದರೆ, ಅಂದರೆ ಒಂದು ಉತ್ತರಕ್ಕೆ ಬಂದು ನಿಲ್ಲದಿದ್ದರೆ, ವಿಸ್ಕಸ್ ರೆಗ್ಯುಲರೈಸೇಶನ್ ಅನ್ನುವ, ಹಾನಿಯನ್ನು ತುಸು ನಿಧಾನಿಸುವ ಕೃತಕ ಸ್ನಿಗ್ಧತೆ ಚೂರೇ ಚೂರು ಸೇರಿಸಿ (ಜಾಸ್ತಿ ಹಾಕಿದರೆ ಲೋಡ್ ಸುಳ್ಳುಸುಳ್ಳೇ ಏರುತ್ತದೆ). ಆ ಸ್ನಿಗ್ಧತೆಯನ್ನು ಅರ್ಧಕ್ಕಿಳಿಸಿ ಮತ್ತೊಮ್ಮೆ ಓಡಿಸಿದಾಗ ಉತ್ತರ ಅಲುಗಬಾರದು.

ಲೇ-ಅಪ್ (ಪದರಗಳ ಕೋನ, ಜೋಡಣೆಯ ಕ್ರಮ) ಕೊಟ್ಟಿಲ್ಲವಾದ್ದರಿಂದ ಇದೊಂದೇ ಕಾರಣ ಅನ್ನಲಾರೆ. ಒಂದೇ ಕೋನದ ಪದರಗಳನ್ನು ಒಟ್ಟೊಟ್ಟಿಗೆ ಪೇರಿಸಿದ್ದರೆ ಡಿಲ್ಯಾಮಿನೇಶನ್ (ಪದರಗಳು ಬಿಟ್ಟುಕೊಳ್ಳುವುದು) ಮುಂಚೆಯೇ ಬರಬಹುದು. ಪ್ಲೇಟನ್ನು ತೆಳು ಹಾಳೆಯಂತೆ ಲೆಕ್ಕಿಸುವ ಶೆಲ್ ಮಾದರಿಯ ಹ್ಯಾಶಿನ್‌ಗೆ ಅದು ಕಾಣುವುದೇ ಇಲ್ಲ. ಆಗ ಪದರಗಳ ನಡುವೆ ಕೊಹೆಸಿವ್ ಎಲಿಮೆಂಟ್ (ಅಂಟಿನ ಬಿಡುವಿಕೆಯನ್ನು ಲೆಕ್ಕಿಸುವ ಎಲಿಮೆಂಟ್) ಹಾಕಿ.